ಇಪ್ಪತ್ತಕ್ಕೆ ಹದಿನೇಳು

ಧಾರವಾಡದ ಒಂದು ಪದವಿ ಕಾಲೇಜಿನಲ್ಲಿ ನಾನು ಕನ್ನಡ ಕಲಿಸುತ್ತೇನೆ. ಬಿ.ಎ. ಎರಡನೇ ವರ್ಷದವರಿಗೆ ಪ್ರತಿ ಸಲ ಒಂದು ಕೆಲಸ ಕೊಡುತ್ತೇನೆ. ನಿಮಗೆ ಖರೇ ಅನಿಸಿದ ಒಂದು ಮಾತು ತಗೊಳ್ಳಿ. ಅದನ್ನು ಒಪ್ಪದ ಒಬ್ಬರನ್ನು ಕಣ್ಣ ಮುಂದೆ ಇಟ್ಟುಕೊಳ್ಳಿ. ಅವರು ಒಪ್ಪುವ ಹಾಗೆ ಎರಡು ಪುಟ ಬರೆಯಿರಿ. ವಿಷಯ ಅವರದು, ಅಂಕ 20.

ಹಾಗೆ ಬಂದ ಒಂದು ಪ್ರಬಂಧದ ಪ್ರಕರಣ ಇದು. ಬರೆದವಳು ನರಗುಂದ ತಾಲ್ಲೂಕಿನ ಹಳ್ಳಿಯೊಂದರ ಹುಡುಗಿ. ಇಲ್ಲಿ ಹಾಸ್ಟೆಲ್‌ನಲ್ಲಿದ್ದು ಓದುತ್ತಾಳೆ. ಅವಳನ್ನು ಕೇಳಿಯೇ ಬರೆಯುತ್ತಿದ್ದೇನೆ. "ಬರೀರಿ ಸರ್, ಹೆಸರೊಂದು ಬ್ಯಾಡ" ಅಂದಳು. ಇದರಲ್ಲಿ ಅವಳಿಗಿಂತ ಜಾಸ್ತಿ ತಪ್ಪಿದವನು ನಾನು. ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಮೊದಲ ಓದು

ಪ್ರಬಂಧದ ಹೆಸರು 'ಮಹದಾಯಿ ನಮ್ಮ ಹಕ್ಕು'. ಶುರುವಾಗುವುದೇ ನರಗುಂದದ ಧರಣಿ ಪೆಂಡಾಲಿನಲ್ಲಿ. 2015ರ ಹೋರಾಟದಲ್ಲಿ ಅವಳ ಅಪ್ಪ ಅಲ್ಲಿ ಕೂತಿದ್ದರು. ಅವಳಿನ್ನೂ ಪ್ರೈಮರಿ ಶಾಲೆಯ ಹುಡುಗಿ. ಅವ್ವ ಕಟ್ಟಿಕೊಟ್ಟ ರೊಟ್ಟಿ ಬುತ್ತಿಯನ್ನು ಕಾಕಾನ ಬೈಕಿನ ಹಿಂದೆ ಕೂತು ಒಯ್ಯುತ್ತಿದ್ದಳಂತೆ. ಆ ಭಾಗ ಓದಿ ನನಗೆ ಪೆನ್ನು ಎತ್ತಲಿಕ್ಕೇ ಮನಸ್ಸಾಗಲಿಲ್ಲ. ಅದಾದ ಮೇಲೆ ಬರುವ ವಾದ ಇದು:

"ನ್ಯಾಯಮಂಡಳಿ ಕರ್ನಾಟಕಕ್ಕೆ 13.42 ಟಿಎಂಸಿ ನೀರು ಕೊಟ್ಟಿದೆ. ಈ ನೀರು ಮಲಪ್ರಭೆಗೆ ಬಂದರೆ ನವಿಲುತೀರ್ಥ ಡ್ಯಾಮ್ ತುಂಬುತ್ತದೆ. ಡ್ಯಾಮ್ ತುಂಬಿದರೆ ನಮ್ಮ ಕಾಲುವೆಗೆ, ಹೊಲಕ್ಕೆ ನೀರು ಬರುತ್ತದೆ. ಮಹದಾಯಿ ನೀರು ಈಗ ಸುಮ್ಮನೆ ಸಮುದ್ರಕ್ಕೆ ಹೋಗುತ್ತಿದೆ. ಯಾರಿಗೂ ಬೇಡವಾದ ನೀರನ್ನು ಕುಡಿಯಲು ಕೇಳುವುದು ತಪ್ಪೇ? ಗೋವಾದವರು ವಿರೋಧಿಸುವುದು ಬರೀ ರಾಜಕೀಯಕ್ಕಾಗಿ. ಆದ್ದರಿಂದ ಕೂಡಲೇ ಕಾಮಗಾರಿ ಶುರುವಾಗಬೇಕು."

17 ಕೊಟ್ಟೆ. ಆ ವರ್ಷದ ಅತಿ ಹೆಚ್ಚು ಅಂಕ ಅದೇ.

ಹೊರಗಿನವರಿಗೆ ಎರಡು ಮಾತು. ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ ನೀರು. ಮಹದಾಯಿ ಹುಟ್ಟುವುದು ಬೆಳಗಾವಿ ಜಿಲ್ಲೆಯ ಖಾನಾಪುರ ತಾಲ್ಲೂಕಿನ ಕಾಡಿನಲ್ಲಿ. ಗೋವಾಕ್ಕೆ ಇಳಿದು ಮಾಂಡೋವಿ ಆಗಿ ಸಮುದ್ರ ಸೇರುತ್ತದೆ. ಕಳಸಾ ಮತ್ತು ಬಂಡೂರಿ ಅದಕ್ಕೆ ಸೇರುವ ಎರಡು ಹಳ್ಳಗಳು. ಅವುಗಳ ನೀರನ್ನು ಈ ಕಡೆ ಮಲಪ್ರಭೆಗೆ ತಿರುಗಿಸಬೇಕು ಅನ್ನೋದು ನಮ್ಮ ಭಾಗದ ಹಳೆಯ ಬೇಡಿಕೆ. ಗೋವಾ, ಕರ್ನಾಟಕ, ಮಹಾರಾಷ್ಟ್ರದ ನಡುವೆ ಈ ನೀರು ಹಂಚಲಿಕ್ಕೆ ಇದ್ದ ನ್ಯಾಯಮೂರ್ತಿ ಜೆ.ಎಂ. ಪಾಂಚಾಲ್ ಅವರ ನ್ಯಾಯಮಂಡಳಿ 2018ರ ಆಗಸ್ಟ್ 14ರಂದು ತೀರ್ಪು ಕೊಟ್ಟಿತು. 2020ರ ಫೆಬ್ರುವರಿಯಲ್ಲಿ ಅದು ಗೆಜೆಟ್‌ನಲ್ಲಿ ಬಂತು. ರಾಜ್ಯಗಳು ಸುಪ್ರೀಂ ಕೋರ್ಟಿಗೂ ಹೋಗಿವೆ.

ಕಣಕುಂಬಿಯ ಹುಡುಗ

ಒಳ್ಳೆಯ ಪ್ರಬಂಧವನ್ನು ಕ್ಲಾಸಿನಲ್ಲಿ ಓದಿಸುವುದು ನನ್ನ ರೂಢಿ. ಅವಳು ಓದಿದಳು. ಚಪ್ಪಾಳೆ ಬಿತ್ತು. ಹಿಂದಿನ ಬೆಂಚಿನಿಂದ ಒಬ್ಬ ಎದ್ದು ನಿಂತ. ಖಾನಾಪುರ ತಾಲ್ಲೂಕಿನ ಕಣಕುಂಬಿ ಕಡೆಯವನು. ಮನೆಯಲ್ಲಿ ಮರಾಠಿ, ಕ್ಲಾಸಿನಲ್ಲಿ ಕಡಿಮೆ ಮಾತು. ಮಲಪ್ರಭೆ ಹುಟ್ಟುವುದು ಅಲ್ಲೇ, ಕಳಸಾ ಹಳ್ಳ ಇರುವುದೂ ಅಲ್ಲೇ.

"ನಮ್ಮೂರ ಹಳ್ಳ ಸುಮ್ನ ಹರೀತದ ಅಂತ ಯಾರ್ ಹೇಳಿದ್ರು? ನೀ ಒಮ್ಮೆ ಬಂದು ನೋಡು."

ಗಲಾಟೆ ಶುರುವಾಯಿತು. "ನೀನು ಗೋವಾದವನೇನು?" ಅಂತ ಒಬ್ಬ ಕೂಗಿದ. ನಾನು ಮೇಜು ಬಡಿದು ಸುಮ್ಮನಾಗಿಸಿದೆ. ಬೆಲ್ಲೂ ಆಯಿತು. ನನಗೆ ಆಗ ಅನಿಸಿದ್ದು, ಹುಡುಗ ಸುಮ್ನೆ ಅಡ್ಡ ಮಾತಾಡಿದ ಅಂತ. ಸಂಜೆ ಚಿಗರಿ ಬಸ್ಸಿನಲ್ಲಿ ನಿಂತು ಹೋಗುವಾಗ ಅವನ ಪ್ರಶ್ನೆ ಮತ್ತೆ ನೆನಪಾಯಿತು. ಯಾರು ಹೇಳಿದರು? ಅದು ನಾನು ಕೇಳಬೇಕಿದ್ದ ಪ್ರಶ್ನೆ. ಬೇರೆ ಪ್ರಬಂಧಗಳ ಪಕ್ಕದಲ್ಲಿ ನಾನು ಕೆಂಪು ಶಾಯಿಯಲ್ಲಿ ಬರೆಯುವುದು ಅದನ್ನೇ ಅಲ್ವಾ?

ಮನೆಗೆ ಹೋಗಿ ಕಟ್ಟು ಬಿಚ್ಚಿದೆ. ಅವಳ ಪ್ರಬಂಧದಲ್ಲಿ ನನ್ನ ಕೆಂಪು ಗುರುತು ಎರಡು. ಎರಡೂ ಕಾಗುಣಿತದ ತಪ್ಪಿಗೆ. ಅದರ ಕೆಳಗೇ ಇದ್ದ ಪ್ರಬಂಧ ಇನ್ನೊಬ್ಬ ಹುಡುಗನದು, 'ಹಾಜರಾತಿ ಕಡ್ಡಾಯ ಬೇಡ' ಅಂತ. ಅದರಲ್ಲಿ ಎಣಿಸಿದೆ. 14 ಗುರುತು. "ಆಧಾರ?", "ಹೇಗೆ?", "ಎಲ್ಲರೂ ಹಾಗೇನಾ?" ಒಂದು ಕಡೆ "ಅಧಿಕಪ್ರಸಂಗ" ಅಂತಲೂ ಬರೆದಿದ್ದೆ. ಅಂಕ 9.

ಇಬ್ಬರ ಬರಹದಲ್ಲಿ ಅಷ್ಟು ವ್ಯತ್ಯಾಸ ಇರಲಿಲ್ಲ. ಒಂದನ್ನು ನಾನು ಮೊದಲೇ ಒಪ್ಪಿದ್ದೆ, ಇನ್ನೊಂದನ್ನು ಮೊದಲೇ ಒಪ್ಪಿರಲಿಲ್ಲ. ನಮ್ಮ ಓಣಿಯ ನಳಕ್ಕೆ ನೀರು ಬರುವ ದಿನ ನಾನು ಬೆಳಗಿನ ಮೊದಲ ಕ್ಲಾಸು ತಪ್ಪಿಸಿಕೊಂಡವನು. ಮಹದಾಯಿ ಅಂದ ತಕ್ಷಣ ನನ್ನ ತಲೆ ತಾನಾಗಿ ಅಲ್ಲಾಡುತ್ತದೆ. ಒಂದು ಸಣ್ಣ ಪರೀಕ್ಷೆ ಮಾಡಿಕೊಂಡೆ. ಇದೇ ಪ್ರಬಂಧವನ್ನು ಪಣಜಿಯ ಹುಡುಗಿ ಬರೆದಿದ್ದರೆ? "ನ್ಯಾಯಮಂಡಳಿ ನಮಗೆ 24 ಟಿಎಂಸಿ ಕೊಟ್ಟಿದೆ, ಕರ್ನಾಟಕದವರು ಕೇಳುವುದು ಬರೀ ರಾಜಕೀಯ" ಅಂತ? ಪುಟ ಪೂರ್ತಿ ಕೆಂಪಾಗಿರುತ್ತಿತ್ತು.

ಹೊಗೆ, ಬೆಂಕಿ ಮತ್ತು ಬಿಟ್ಟುಹೋದ ಮೆಟ್ಟಿಲು

ಮರುದಿನ ಹುಡುಗಿಯನ್ನು ಸ್ಟಾಫ್ ರೂಮಿಗೆ ಕರೆದೆ. ಅಂಕ ಕಡಿಮೆ ಮಾಡುವುದಿಲ್ಲ, ಹೆದರಬೇಡ ಅಂದೆ. ಇಬ್ಬರೂ ಸೇರಿ ಮತ್ತೆ ಓದೋಣ ಅಂದೆ.

ನಮ್ಮ ಹಳೆಯ ನ್ಯಾಯಶಾಸ್ತ್ರದಲ್ಲಿ ವಾದಕ್ಕೆ ಐದು ಮೆಟ್ಟಿಲು. ಬೆಟ್ಟದ ಮೇಲೆ ಬೆಂಕಿ ಇದೆ: ಇದು ಪ್ರತಿಜ್ಞೆ. ಯಾಕಂದರೆ ಹೊಗೆ ಕಾಣುತ್ತಿದೆ: ಹೇತು. ಹೊಗೆ ಇದ್ದಲ್ಲೆಲ್ಲ ಬೆಂಕಿ ಇರುತ್ತದೆ, ಅಡುಗೆಮನೆಯಲ್ಲಿ ಇದ್ದ ಹಾಗೆ: ಉದಾಹರಣೆ. ಈ ಬೆಟ್ಟದಲ್ಲೂ ಅಂಥದೇ ಹೊಗೆ ಇದೆ: ಉಪನಯ. ಆದ್ದರಿಂದ ಬೆಂಕಿ ಇದೆ: ನಿಗಮನ. ಕೇಳಲಿಕ್ಕೆ ಐದೂ ಒಂದೇ ಮಾತು ಸುತ್ತಿದ ಹಾಗಿದೆ. ಆದರೆ ಮೂರನೆಯದನ್ನು ನೋಡಿ. ಈ ಬೆಟ್ಟವನ್ನು ಬಿಟ್ಟು ಎಲ್ಲ ಕಡೆಗೂ ಸಲ್ಲುವ ನಿಯಮವೊಂದನ್ನು ಅಲ್ಲಿ ಬಾಯಿಬಿಟ್ಟು ಹೇಳಬೇಕು. ಹೇಳಿದ ಕೂಡಲೇ ಅದು ಪರೀಕ್ಷೆಗೆ ಸಿಗುತ್ತದೆ. ಹೊಗೆ ಇದ್ದಲ್ಲಿ ಬೆಂಕಿ, ಸರಿ. ಬೆಂಕಿ ಇದ್ದಲ್ಲೆಲ್ಲ ಹೊಗೆ? ಕಮ್ಮಾರನ ಕುಲುಮೆಯಲ್ಲಿ ಕೆಂಪಗೆ ಕಾದ ಕಬ್ಬಿಣದಲ್ಲಿ ಹೊಗೆ ಇಲ್ಲ.

ನಾವು ಬರೆಯುವಾಗ ನುಂಗಿಬಿಡುವುದು ಇದೇ ಮೂರನೇ ಮೆಟ್ಟಿಲನ್ನು. ಓದುವವರು ನಮ್ಮ ಕಡೆಯವರಾದರೆ ಅವರೂ ನುಂಗುತ್ತಾರೆ. ನಾನು ನುಂಗಿದೆನಲ್ಲ, ಹಾಗೆ. ನಿನ್ನ ವಾದದಲ್ಲಿ ಬರೆಯದೇ ಬಿಟ್ಟ ನಿಯಮಗಳನ್ನು ಬರಿ ಅಂತ ಅವಳಿಗೆ ಹಾಳೆ ಕೊಟ್ಟೆ. ಕಾಲು ಗಂಟೆ ಕೂತು ಮೂರು ಸಾಲು ಬರೆದಳು.

ನ್ಯಾಯಮಂಡಳಿ ಕೊಟ್ಟ ನೀರೆಲ್ಲ ಮಲಪ್ರಭೆಗೆ ಬರುತ್ತದೆ.

ಸಮುದ್ರ ಸೇರುವ ನೀರು ಯಾರ ಉಪಯೋಗಕ್ಕೂ ಬರುವುದಿಲ್ಲ.

ರಾಜಕೀಯ ಲಾಭ ಇರುವವರು ಹೇಳುವುದು ಸುಳ್ಳು.

ಮೂರನೆಯದನ್ನು ಬರೆದು ತಾನೇ ನಕ್ಕಳು. "ಸರ್, ಹಂಗಾದ್ರ ನಮ್ಮವರ ಮಾತೂ ಸುಳ್ಳಾಗ್ತದ್ರೀ." ಅದನ್ನು ಅಲ್ಲಿಗೇ ಬಿಟ್ಟೆವು. ಯಾರಿಗೆ ಯಾವ ಲಾಭವೇ ಇರಲಿ, ಅವರ ಕಾರಣ ಸರಿಯೋ ತಪ್ಪೋ ಅನ್ನೋದನ್ನು ಬೇರೆಯಾಗಿಯೇ ನೋಡಬೇಕು. ಮೊದಲ ಎರಡು ಸಾಲಿಗೆ ಮಾತ್ರ ಆ ವಾರವಿಡೀ ಹಿಡಿಯಿತು.

ಸರಿಯಾದ ಅಂಕಿ, ತಪ್ಪಾದ ಜಾಗ

13.42 ಎಲ್ಲಿಂದ ಬಂತು ಅಂತ ಕೇಳಿದೆ. ಸಪ್ತಾಪುರದಲ್ಲಿ ಕೋಚಿಂಗ್‌ಗೆ ಹೋಗುವ ರೂಮ್‌ಮೇಟ್ ಹತ್ತಿರ ನೋಟ್ಸ್ ಇತ್ತಂತೆ. ಅದರಲ್ಲಿ ಒಂದೇ ಸಾಲು: ಗೋವಾ 24, ಕರ್ನಾಟಕ 13.42, ಮಹಾರಾಷ್ಟ್ರ 1.33. ಅಂಕಿ ಸರಿಯಾಗಿಯೇ ಇದೆ. ಸ್ಪರ್ಧಾತ್ಮಕ ಪರೀಕ್ಷೆಯಲ್ಲಿ ಇದನ್ನು ಟಿಕ್ ಮಾಡಿದರೆ ಅಂಕ ಸಿಗುತ್ತದೆ. ಧಾರವಾಡದಲ್ಲಿ ಪಾಠ ಮಾಡುವವರಿಗೆ ಈ ಕಾಯಿಲೆ ಗೊತ್ತು. ನಮ್ಮ ಹುಡುಗರ ತಲೆಯಲ್ಲಿ ವಾದ ಅಂದರೆ 'ಪಾಯಿಂಟ್ಸ್'. ಪಾಯಿಂಟಿನಿಂದ ಪಾಯಿಂಟಿಗೆ ದಾರಿ ಇದೆಯಾ ಅಂತ ಯಾರೂ ಕೇಳುವುದಿಲ್ಲ.

ತೀರ್ಪಿನಲ್ಲಿ ಆ 13.42 ಮೂರು ತುಂಡಾಗಿದೆ. ಅದರಲ್ಲಿ 8.02 ಟಿಎಂಸಿ ಜಲವಿದ್ಯುತ್ ಯೋಜನೆಗೆ. ಆ ನೀರು ಟರ್ಬೈನ್ ತಿರುಗಿಸಿ ಮತ್ತೆ ಅದೇ ನದಿಗೆ ಹೋಗಬೇಕು. 1.5 ಟಿಎಂಸಿ ಮಹದಾಯಿ ಕಣಿವೆಯ ಒಳಗೇ ಬಳಸಲಿಕ್ಕೆ. ಮಲಪ್ರಭೆಗೆ ತಿರುಗಿಸಲು ಉಳಿಯುವುದು 3.9. ಕಳಸಾದಿಂದ 1.72, ಬಂಡೂರಿಯಿಂದ 2.18. ನಮ್ಮ ರಾಜ್ಯ ಈ ಯೋಜನೆಗೆ ಕೇಳಿದ್ದು 7.56.

ಅವಳು ಬೋರ್ಡಿನ ಮೇಲೆ ಕೂಡಿಸಿ ನೋಡಿದಳು. 13.42 ಸರಿಯಾಗಿ ಬಂತು. ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಇಷ್ಟ ಏನ್ರೀ?"

ನವಿಲುತೀರ್ಥದ ಡ್ಯಾಮ್ ಹಿಡಿಯುವುದು 37.73 ಟಿಎಂಸಿ. 3.9 ಅಂದರೆ ಅದರ ಹತ್ತನೇ ಒಂದು ಪಾಲಿಗಿಂತ ತುಸು ಜಾಸ್ತಿ. ಇದು ಸಣ್ಣದಲ್ಲ. ಒಂದು ಟಿಎಂಸಿ ಅಂದರೆ ಸುಮಾರು 2,831 ಕೋಟಿ ಲೀಟರ್. ಆದರೆ 'ಡ್ಯಾಮ್ ತುಂಬುತ್ತದೆ' ಅನ್ನುವ ಮಾತನ್ನು ಅದು ಹೊರಲಾರದು.

ಇನ್ನೊಂದು ತೊಡಕು ಇತ್ತು. ಅದು ಅಂಕಿಯದಲ್ಲ, ಪದದ್ದು. ಮೂರನೇ ಸಾಲಿನಲ್ಲಿ ನೀರು ಹೊಲಕ್ಕೆ. ಐದನೇ ಸಾಲಿನಲ್ಲಿ ಅದೇ ನೀರು "ಕುಡಿಯಲು". ನಡುವೆ ಎಲ್ಲೋ ಅರ್ಥ ಬದಲಾಗಿದೆ. ಪದ ಮಾತ್ರ ಅದೇ. ಹೊಲದ ಆಸೆಗೆ ಕುಡಿಯುವ ನೀರಿನ ಪುಣ್ಯ ಅಂಟಿಕೊಂಡಿದೆ. ಕುಡಿಯಲಿಕ್ಕೆ ಕೇಳಿದರೆ ಯಾರು ತಾನೇ ಇಲ್ಲ ಅಂದಾರು? ಆ 3.9 ಕೊಟ್ಟದ್ದು ಕುಡಿಯುವ ನೀರಿಗೆ. ಹಾಗಾದರೆ ಹೊಲದ ಮಾತು ಎಲ್ಲಿ ಹೋಯಿತು? ಇದನ್ನು ಹೇಳಿದಾಗ ಅವಳಿಗೆ ಸಿಟ್ಟು ಬಂತು.

"ನೀವು ಯಾರ ಕಡೀರಿ ಸರ್? ನಮ್ಮಪ್ಪ ಅಷ್ಟು ದಿನ ಕುಂತದ್ದು ಸುಳ್ಳಿಗೇನು?"

ಏನು ಹೇಳಬೇಕೋ ತಿಳಿಯಲಿಲ್ಲ. ಅಪ್ಪ ಕೂತದ್ದು ಸುಳ್ಳಿಗಲ್ಲ, ನೀನು ಬರೆದ ಈ ಒಂದು ಸಾಲು ಮಾತ್ರ ಅಪ್ಪನಷ್ಟು ಗಟ್ಟಿ ಇಲ್ಲ ಅಂದೆ. ಅವಳು ಹಾಳೆ ಮಡಚಿಕೊಂಡು ಹೋದಳು. ಎರಡು ದಿನ ಕ್ಲಾಸಿನಲ್ಲಿ ನನ್ನ ಕಡೆ ನೋಡಲಿಲ್ಲ.

ಮೂರನೇ ದಿನ ಬಂದವಳು ಬಿಟ್ಟುಹೋದ ಕೊಂಡಿಯನ್ನು ತಾನೇ ಹುಡುಕಿಕೊಂಡು ಬಂದಿದ್ದಳು. ಹುಬ್ಬಳ್ಳಿ-ಧಾರವಾಡ ಈಗ ಹೆಚ್ಚಾಗಿ ಕುಡಿಯುವುದು ಮಲಪ್ರಭೆಯ ನೀರೇ. ಕುಡಿಯಲಿಕ್ಕೆ ಅಂತ ಹೊಸ ನೀರು ಬಂದು ಡ್ಯಾಮ್ ಸೇರಿದರೆ, ಈಗ ಊರುಗಳಿಗೆ ತೆಗೆಯುವ ಪಾಲಿನಷ್ಟು ಕಾಲುವೆಗೆ ಉಳಿಯಬಹುದು. ಕುಡಿಯುವ ನೀರಿನಿಂದ ಹೊಲಕ್ಕೆ ಹೋಗುವ ದಾರಿ ಇದು. ಮೊದಲ ಪ್ರಬಂಧದಲ್ಲಿ ಇದು ಇರಲೇ ಇಲ್ಲ. ನನಗೂ ಹೊಳೆದಿರಲಿಲ್ಲ. ನಾನು ಹೊಲದ ಮಾತನ್ನೇ ಕೈಬಿಡು ಅಂತ ಹೇಳುವವನಿದ್ದೆ.

ಸಮುದ್ರದ ಮಾತು

ಎರಡನೇ ಸಾಲಿಗೆ ಕಣಕುಂಬಿಯ ಹುಡುಗನನ್ನೂ ಕರೆದೆವು. ಅವನ ಎದುರು ಕೂತು ಮಾತಾಡಲಿಕ್ಕೆ ಅವಳು ಮೊದಲು ಒಪ್ಪಲಿಲ್ಲ. ಚಹಾ ತರಿಸಿದ ಮೇಲೆ ಸ್ವಲ್ಪ ಮೆತ್ತಗಾದಳು.

ಎದುರು ಪಕ್ಷದವರು ಹೇಳುವುದನ್ನು ಅವರಿಗಿಂತ ಚೆನ್ನಾಗಿ ಹೇಳಿ ಆಮೇಲೆ ಉತ್ತರ ಕೊಡುವ ಪದ್ಧತಿ ನಮ್ಮ ಪಂಡಿತರಲ್ಲಿತ್ತು. ಪೂರ್ವಪಕ್ಷ ಅನ್ನುತ್ತಿದ್ದರು. ಅದನ್ನೇ ಮಾಡಿಸಿದೆ. ಗೋವಾದ ಮಾತನ್ನು ಅವಳು ಹೇಳಬೇಕು. ಸರಿ ಹೇಳಿದಳು ಅಂತ ಅವನು ಒಪ್ಪಬೇಕು. ಮೊದಲ ಮೂರು ಸಲ ಅವನು ಒಪ್ಪಲಿಲ್ಲ. ನಾಲ್ಕನೇ ಸಲ ಅವಳು ಹೇಳಿದ್ದು ಹೆಚ್ಚುಕಡಿಮೆ ಹೀಗಿತ್ತು: ಮಾಂಡೋವಿಯ ಕೆಳಭಾಗಕ್ಕೆ ಸಮುದ್ರದ ಉಬ್ಬರ ಏರಿ ಬರುತ್ತದೆ. ಮೇಲಿನಿಂದ ಬರುವ ಸಿಹಿನೀರು ಆ ಉಪ್ಪನ್ನು ಹಿಂದಕ್ಕೆ ತಳ್ಳುತ್ತದೆ. ಸಿಹಿನೀರು ಕಡಿಮೆಯಾದರೆ ಉಪ್ಪು ಇನ್ನೂ ಒಳಗೆ ಬರಬಹುದು. ನದಿದಂಡೆಯ ಖಾಜನ್ ಗದ್ದೆಗಳು (ಉಪ್ಪುನೀರು ನುಗ್ಗದ ಹಾಗೆ ಒಡ್ಡು ಕಟ್ಟಿದ ತಗ್ಗು ಗದ್ದೆಗಳು), ಮೀನು ಆ ಸಿಹಿನೀರಿನ ಮೇಲೆ ನಿಂತಿವೆ. ಆದ್ದರಿಂದ ಸಮುದ್ರಕ್ಕೆ ಹೋಗುವ ನೀರು ದಾರಿಯಲ್ಲಿ ಕೆಲಸ ಮಾಡುತ್ತದೆ.

ಅವನು ತಲೆಯಾಡಿಸಿದ. 'ಸುಮ್ಮನೆ' ಅನ್ನೋ ಪದವನ್ನು ಅವಳೇ ಹೊಡೆದುಹಾಕಿದಳು.

ಆಮೇಲೆ ಅವಳ ಸರದಿ. "ಆದ್ರ 3.9ರಿಂದ ಎಷ್ಟು ಕಡಿಮಿ ಆಗ್ತದ?" ನ್ಯಾಯಮಂಡಳಿ ಲೆಕ್ಕ ಹಾಕಿದ ಪ್ರಕಾರ ಮಹದಾಯಿ ಕಣಿವೆಯಲ್ಲಿ ನೂರರಲ್ಲಿ 75 ವರ್ಷವಾದರೂ ಸಿಗುತ್ತದೆ ಅಂತ ನಂಬಬಹುದಾದ ನೀರು 188.06 ಟಿಎಂಸಿ. 3.9 ಅದರ ನೂರಕ್ಕೆ ಎರಡು ಪಾಲು. ಈಗ ಹುಡುಗ ತಡವರಿಸಿದ. ಕೊನೆಗೆ, "ಮರ ಕಡಿದ್ರ ಮಳೀನ ಬರಂಗಿಲ್ಲ" ಅಂದ. ಎಷ್ಟು ಮರ, ಎಲ್ಲಿಯ ಮಳೆ ಅಂತ ಅವಳು ಕೇಳಿದಳು. ಅವನ ಹತ್ತಿರ ಉತ್ತರ ಇರಲಿಲ್ಲ. ಮೂರನೇ ಮೆಟ್ಟಿಲನ್ನು ಅವನೂ ನುಂಗಿದ್ದ.

ಇಲ್ಲಿ ನಾನು ಗೆದ್ದವರಂತೆ ಅವಳ ಬೆನ್ನು ತಟ್ಟುವವನಿದ್ದೆ. ಅಷ್ಟರಲ್ಲಿ ಹುಡುಗ ಸುಧಾರಿಸಿಕೊಂಡ. "ಸರ್, ನೂರಕ್ಕ ಎರಡು ಅಂದ್ರ ವರ್ಷದ ಲೆಕ್ಕ. ಮಳಿಗಾಲದಾಗ ನಮ್ಮಲ್ಲಿ ಎಲ್ಲಾ ನೀರ. ಏಪ್ರಿಲ್‌ದಾಗ ಬರ್ರಿ. ಆವಾಗಿನ ನೂರಕ್ಕ ಎಷ್ಟು?" ಇದು ಒಳ್ಳೆಯ ಪ್ರಶ್ನೆ. ಇಡೀ ವರ್ಷಕ್ಕೆ ಹರಡಿದ ಸರಾಸರಿ ಬೇಸಿಗೆಯ ಹಳ್ಳದ ಬಗ್ಗೆ ಏನೂ ಹೇಳುವುದಿಲ್ಲ. ಇದಕ್ಕೆ ಉತ್ತರ ಬೇಕಾದರೆ ತಿಂಗಳು ತಿಂಗಳ ಹರಿವು ನೋಡಬೇಕು, ನೀರು ತಿರುಗಿಸುವುದು ಯಾವ ತಿಂಗಳಲ್ಲಿ ಅಂತಲೂ ನೋಡಬೇಕು. ಮಳೆಗಾಲದ ನೀರನ್ನಷ್ಟೇ ತೆಗೆದರೆ ಅವಳ ಮಾತು ಗಟ್ಟಿಯಾಗುತ್ತದೆ, ಬೇಸಿಗೆಯಲ್ಲೂ ತೆಗೆದರೆ ಅವನದು. ಇಬ್ಬರೂ ಅದನ್ನು ಬರೆದುಕೊಂಡರು. ಜಗಳ ಮುಗಿಯಲಿಲ್ಲ, ಜಗಳ ಇರುವ ಜಾಗ ಮಾತ್ರ ಸಣ್ಣದಾಯಿತು. ಚಹಾ ಆರಿಹೋಗಿತ್ತು.

ಎರಡನೇ ಪ್ರಬಂಧ

ಎರಡು ವಾರ ಬಿಟ್ಟು ಅವಳು ಮತ್ತೆ ಬರೆದು ತಂದಳು. ಪೆಂಡಾಲು, ರೊಟ್ಟಿ ಬುತ್ತಿ ಹಾಗೇ ಇದ್ದವು. ಅವನ್ನು ತೆಗೆಯಬೇಡ ಅಂತ ನಾನೇ ಹೇಳಿದ್ದೆ. ಅದು ವಾದಕ್ಕೆ ಆಧಾರ ಅಲ್ಲ. ಆದರೆ ಈ ವಾದ ಯಾಕೆ ಹುಟ್ಟಿತು ಅನ್ನೋದು ಓದುವವರಿಗೆ ಗೊತ್ತಾಗಬೇಕಲ್ಲ. ನಡುವಿನ ಭಾಗ ಹೀಗಾಗಿತ್ತು:

"ನಮಗೆ ಸಿಕ್ಕ 13.42ರಲ್ಲಿ ಮಲಪ್ರಭೆಗೆ ಬರುವುದು 3.9 ಟಿಎಂಸಿ. ಇದರಿಂದ ಡ್ಯಾಮ್ ತುಂಬುವುದಿಲ್ಲ. ಆದರೆ ಊರುಗಳ ಕುಡಿಯುವ ನೀರಿಗೆ ಆಸರೆ ಸಿಗುತ್ತದೆ. ಅಷ್ಟರಮಟ್ಟಿಗೆ ಕಾಲುವೆಯ ಪಾಲು ಉಳಿಯಬಹುದು. ಗೋವಾದವರ ಉಪ್ಪುನೀರಿನ ಹೆದರಿಕೆ ಸುಳ್ಳಲ್ಲ. ಮಳೆಗಾಲದ ಹರಿವಿನಿಂದ ಮಾತ್ರ ನೀರು ತೆಗೆದರೆ ಆ ಹೆದರಿಕೆ ಕಡಿಮೆಯಾಗುತ್ತದೆ ಎಂದು ನನ್ನ ವಾದ. ಬೇಸಿಗೆಯಲ್ಲೂ ತೆಗೆಯುವುದಾದರೆ ನನ್ನ ಬಳಿ ಉತ್ತರವಿಲ್ಲ."

ಕೊನೆಯ ವಾಕ್ಯ ಓದಿ ನಾನು ಕನ್ನಡಕ ತೆಗೆದೆ. ಹತ್ತೊಂಬತ್ತು ವರ್ಷದ ಹುಡುಗಿ ತನ್ನ ವಾದ ಎಲ್ಲಿ ನಿಲ್ಲುತ್ತದೆ ಅಂತ ಗೆರೆ ಎಳೆದು ತೋರಿಸಿದ್ದಳು. ನಾನು ಬರೆದ ಲೇಖನಗಳಲ್ಲಿ ಅಂಥ ವಾಕ್ಯ ಒಂದೂ ಇಲ್ಲ.

ರಜೆಗೆ ಊರಿಗೆ ಹೋದಾಗ ಅಪ್ಪನಿಗೆ ಓದಿ ಹೇಳಿದಳಂತೆ. ಅವರಿಗೆ ಹಿಡಿಸಲಿಲ್ಲ. ಮೊದಲಿನದು ಚಲೋ ಇತ್ತು, ಇದರಾಗ ಕಸುವಿಲ್ಲ ಅಂದರಂತೆ. ಅವರ ಮಾತಿನಲ್ಲಿ ಹುರುಳಿಲ್ಲ ಅಂತ ಹೇಳಲಾರೆ. ಪೆಂಡಾಲಿನ ಮೈಕಿಗೆ ಮೊದಲನೆಯದೇ ಸರಿ. ಅಲ್ಲಿ ಕೇಳುವವರೆಲ್ಲ ಒಪ್ಪಿದವರು. ನಾನು ಕೊಟ್ಟ ಕೆಲಸ ಒಪ್ಪದವರಿಗೆ ಬರೆಯುವುದು.

ಅಪ್ಪ ಇನ್ನೊಂದು ಮಾತು ಕೇಳಿದ್ದರು. ಅದನ್ನು ಅವಳು ಪ್ರಬಂಧದ ಅಂಚಿನಲ್ಲಿ ಪೆನ್ಸಿಲ್‌ನಿಂದ ಬರೆದುಕೊಂಡು ಬಂದಿದ್ದಳು: "ಉಳಿದ ನೀರು ಕಾಲುವಿಗೇ ಬರ್ತದಂತ ಯಾರು ಬರಕೊಟ್ಟಾರ?" ಅವಳ ಊರು ಕಾಲುವೆಯ ತುದಿ, ಟೇಲ್ ಎಂಡ್. ನೀರು ಅಲ್ಲಿಗೆ ಮುಟ್ಟುವ ಹೊತ್ತಿಗೆ ಮೇಲಿನವರದೆಲ್ಲ ಮುಗಿದಿರುತ್ತದೆ. 1980ರಲ್ಲಿ ನರಗುಂದ, ನವಲಗುಂದದ ರೈತರು ಎದ್ದು ನಿಂತದ್ದೂ ಇದೇ ಮಲಪ್ರಭಾ ಕಾಲುವೆಯ ವಿಷಯಕ್ಕೆ. ಹೊಲಕ್ಕೆ ನೀರು ಸರಿಯಾಗಿ ಮುಟ್ಟದಿದ್ದರೂ ಬೆಟರ್‌ಮೆಂಟ್ ಲೆವಿ, ಅಂದರೆ ನೀರಾವರಿಯಿಂದ ಜಮೀನಿನ ಬೆಲೆ ಏರಿತು ಅಂತ ಹಾಕುವ ಕರ, ಕಟ್ಟಿ ಅಂತ ಸರ್ಕಾರ ಹೇಳಿತ್ತು. ಗೋಲಿಬಾರ್ ಆಗಿ ಜೀವ ಹೋದವು. ಆ ನೆನಪು ಇರುವ ಮನೆಯಲ್ಲಿ, ಊರಿಗೆ ಉಳಿದ ನೀರು ಹೊಲಕ್ಕೆ ಬರುತ್ತದೆ ಅಂದರೆ ಸುಮ್ನೆ ನಂಬುತ್ತಾರಾ? ಅವಳು ತಾನೇ ಕಂಡುಕೊಂಡ ಆ ಕೊಂಡಿಯಲ್ಲೂ ಒಂದು ಮೆಟ್ಟಿಲು ಬಿಟ್ಟುಹೋಗಿತ್ತು. ಅದನ್ನು ಹಿಡಿದವರು ಪಣಜಿಯವರಲ್ಲ, ಕಣಕುಂಬಿಯವರಲ್ಲ. ಪೆಂಡಾಲಿನಲ್ಲಿ ಕೂತಿದ್ದ ಅಪ್ಪ.

ಇದಕ್ಕೆ ಏನು ಬರೆಯಲಿ ಅಂತ ಕೇಳಿದಳು. ಪ್ರಶ್ನೆಯನ್ನೇ ಪೆನ್ನಿನಿಂದ ಬರಿ ಅಂದೆ. 18 ಕೊಟ್ಟೆ. ಕೆಂಪು ಗುರುತು ಈ ಸಲ ಏಳು.

ಆ ರಾತ್ರಿ ಹಾಜರಾತಿಯ ಪ್ರಬಂಧವನ್ನು ಮತ್ತೆ ತೆಗೆದೆ. ನನ್ನ 14 ಗುರುತುಗಳಲ್ಲಿ ಒಂಬತ್ತು ಸರಿಯೇ ಇದ್ದವು. ಐದು ಬರೀ ಸಿಟ್ಟು. 'ಅಧಿಕಪ್ರಸಂಗ' ಅಂತ ಬರೆದ ಜಾಗದಲ್ಲಿ ಅವನು ಬರೆದದ್ದು ಇಷ್ಟು: ನೂರಕ್ಕೆ 75 ಹಾಜರಾತಿ ಬೇಕು ಅನ್ನುತ್ತೀರಿ, ಅದು ಹುಡುಗ ಕ್ಲಾಸಿನಲ್ಲಿ ಕೂತಿದ್ದನ್ನು ಅಳೆಯುತ್ತದೆ, ಕಲಿತದ್ದನ್ನು ಅಳೆಯುವುದಿಲ್ಲ, ಹಿಂದಿನ ಬೆಂಚಿನಲ್ಲಿ ಮೊಬೈಲ್ ನೋಡುವವನಿಗೂ ಹಾಜರಿ ಸಿಗುತ್ತದೆ. ಮೂರನೇ ಮೆಟ್ಟಿಲೂ ಅಲ್ಲಿತ್ತು, ಉದಾಹರಣೆಯೂ ಇತ್ತು. 'ಅಧಿಕಪ್ರಸಂಗ' ಹೊಡೆದುಹಾಕಿ 9 ಇದ್ದದ್ದನ್ನು 13 ಮಾಡಿದೆ. ಬೆಳಿಗ್ಗೆ ಅವನಿಗೆ ಹೇಳೋಣ ಅಂತ ಹೆಸರು ಕೂಗಿದರೆ, ಅವನು ಕ್ಲಾಸಿಗೆ ಬಂದಿರಲಿಲ್ಲ.